ತಂತಿಯಿಂದ ವಜ್ರದವರೆಗೆ: ಸಹಜ ಕಂಪನಗಳ ಚರಿತ್ರೆ

ಸಂಗೀತ ಕಚೇರಿಯಲ್ಲಿ ಗಾಯಕರು ಹಾಡಲು ಮೊದಲುಮಾಡುವುದಕ್ಕೆ ಮುಂಚೆ ಕೆಲವು ಕ್ಷಣಗಳ ಕಾಲ ತಂಬೂರಿಯ ಶ್ರುತಿಯೊಂದೇ ಸಭೆಯನ್ನು ತುಂಬಿಕೊಂಡಿರುತ್ತದೆ. ಆಗ ಕಿವಿಗೊಟ್ಟು ಕೇಳಿದವರಿಗೆ ಒಂದು ವಿಚಿತ್ರವು ಅನುಭವಕ್ಕೆ ಬರುತ್ತದೆ. ಮಂದ್ರ ಷಡ್ಜದ ತಂತಿಯೊಂದನ್ನೇ ಮೀಟಿದರೂ ಅದರ ನಾದದೊಳಗಿಂದ ಗಾಂಧಾರವು ತಾನಾಗಿಯೇ ಮೂಡಿಬರುತ್ತದೆ. ಯಾರೂ ಮೀಟದೆ ಹುಟ್ಟುವ ಈ ಸ್ವರವನ್ನು ನಮ್ಮ ವಿದ್ವಾಂಸರು ಸ್ವಯಂಭೂ ಗಾಂಧಾರವೆಂದು ಕರೆದಿದ್ದಾರೆ. ತಂತಿ ಇರುವುದು ಒಂದು. ಒಂದು ಕ್ಷಣದಲ್ಲಿ ಅದು ತಾಳುವ ಆಕಾರವೂ ಒಂದೇ. ಹಾಗಿರುವಲ್ಲಿ ಒಂದೇ ವೇಳೆಯಲ್ಲಿ ಹಲವು ಸ್ವರಗಳು ಅದರಿಂದ ಹೊರಡುವುದು ಹೇಗೆ?

ಪ್ರಶ್ನೆಯು ಚಿಕ್ಕದಾಗಿ ಕಾಣುತ್ತದೆ. ಆದರೆ ಇದಕ್ಕೆ ಉತ್ತರ ಹೇಳುವ ಯತ್ನದಲ್ಲಿ ಹದಿನೆಂಟನೆಯ ಶತಮಾನದ ಯೂರೋಪಿನ ಅತಿ ದೊಡ್ಡ ಗಣಿತಜ್ಞರು ಒಬ್ಬರನ್ನೊಬ್ಬರು ಒಪ್ಪದೆ ಹೋದರು. ಅದೇ ಪ್ರಶ್ನೆಯು ಬೇರೊಂದು ವೇಷದಲ್ಲಿ ಬಂದು ನಮ್ಮ ಬೆಂಗಳೂರಿನಲ್ಲಿಯೇ ಇಪ್ಪತ್ತನೆಯ ಶತಮಾನದ ಒಂದು ಪ್ರಸಿದ್ಧ ವಿವಾದಕ್ಕೆ ಕಾರಣವಾಯಿತು. ಆ ಎರಡು ವಿವಾದಗಳ ಕಥೆಯನ್ನು ಒಟ್ಟಿಗೆ ಇಟ್ಟು ನೋಡುವುದು ಈ ಹೊತ್ತಿನ ನಮ್ಮ ಉದ್ದೇಶ.

ಕಥೆಯು ಒಂದು ರೋಗಶಯ್ಯೆಯ ಬಳಿಯಲ್ಲಿ ಮೊದಲಾಗುತ್ತದೆ. ೧೬೬೫ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸನು ಅಸ್ವಸ್ಥನಾಗಿ ಮಲಗಿದ್ದನು. ಲೋಲಕದ ಗಡಿಯಾರವನ್ನು ಮೊದಲು ನಿರ್ಮಿಸಿದವನೇ ಅವನು. ಸಮುದ್ರದಲ್ಲಿ ಹಡಗಿನ ರೇಖಾಂಶವನ್ನು ತಿಳಿಯುವುದಕ್ಕಾಗಿ ಅವನು ಮಾಡಿಸಿದ್ದ ಎರಡು ಗಡಿಯಾರಗಳು ಕೋಣೆಯಲ್ಲಿ ಒಂದೇ ಆಧಾರಕ್ಕೆ ಅಕ್ಕಪಕ್ಕದಲ್ಲಿ ತೂಗುತ್ತಿದ್ದವು. ಅವೆರಡರ ಲೋಲಕಗಳೂ ಸಮವಾಗಿ ಆಡುತ್ತಿದ್ದವು. ಆದರೆ ಒಂದು ಎಡಕ್ಕೆ ಹೋದಾಗ ಇನ್ನೊಂದು ತಪ್ಪದೆ ಬಲಕ್ಕೆ ಹೋಗುತ್ತಿತ್ತು. ಬೇಕೆಂದೇ ಈ ಹೊಂದಿಕೆಯನ್ನು ಕೆಡಿಸಿದರೂ ಸುಮಾರು ಅರ್ಧ ಗಂಟೆಯೊಳಗಾಗಿ ಅವು ಮೊದಲಿನ ಕ್ರಮಕ್ಕೆ ಮರಳುತ್ತಿದ್ದವು. ಗಾಳಿಯ ಚಲನೆಯೇ ಇದಕ್ಕೆ ಕಾರಣವೆಂದು ಹೈಗೆನ್ಸನು ಮೊದಲು ಶಂಕಿಸಿ, ಪರೀಕ್ಷಿಸಿ ನೋಡಿ, ಕೊನೆಗೆ ನಿಜವನ್ನು ಕಂಡುಕೊಂಡನು. ಎರಡನ್ನೂ ಹೊತ್ತಿದ್ದ ಆಧಾರವು ಕಣ್ಣಿಗೆ ಕಾಣದಷ್ಟು ಸ್ವಲ್ಪವಾಗಿ ಅಲುಗುತ್ತಿತ್ತು. ಲೋಲಕಗಳು ಜೊತೆಯಾಗಿ ಒಂದೇ ಕಡೆಗೆ ಆಡಿದರೆ ಆಧಾರವೂ ಅವುಗಳ ಸಂಗಡ ಅಲುಗಿ ಆ ಚಲನೆಯನ್ನು ಕುಂದಿಸುವುದು. ಎದುರುಬದುರಾಗಿ ಆಡಿದರೆ ಆಧಾರವು ನಿಶ್ಚಲವಾಗಿರುವುದರಿಂದ ಆ ಚಲನೆಯು ಉಳಿಯುವುದು. ಒಂದಕ್ಕೊಂದು ಸೇರಿಕೊಂಡ ಎರಡು ವಸ್ತುಗಳ ಕಂಪನದಲ್ಲಿ ಎರಡು ಮುಖ್ಯ ರೀತಿಗಳುಂಟೆಂಬ ಸುಳಿವು ಹೀಗೆ ದೊರೆಯಿತು.

ಈ ಎರಡು ರೀತಿಗಳು ಯಾವುವೆಂಬುದನ್ನು ಒಂದು ಸರಳವಾದ ಏರ್ಪಾಡಿನಿಂದ ತಿಳಿದುಕೊಳ್ಳೋಣ. ನುಣುಪಾದ ಮೇಜಿನ ಮೇಲೆ ಸಮಾನ ತೂಕದ ಎರಡು ಗುಂಡುಗಳಿವೆಯೆಂದು ಭಾವಿಸಿ. ಎಡಗಡೆಯ ಗೋಡೆಗೂ ಮೊದಲನೆಯ ಗುಂಡಿಗೂ ಒಂದು ಸ್ಪ್ರಿಂಗು. ಗುಂಡುಗಳ ನಡುವೆ ಇನ್ನೊಂದು. ಎರಡನೆಯ ಗುಂಡಿಗೂ ಬಲಗಡೆಯ ಗೋಡೆಗೂ ಮತ್ತೊಂದು. ಮೂರೂ ಒಂದೇ ಬಗೆಯ ಸ್ಪ್ರಿಂಗುಗಳು. ಸ್ಪ್ರಿಂಗನ್ನು ಎಷ್ಟು ಎಳೆಯುವೆವೋ ಅಷ್ಟಕ್ಕೆ ತಕ್ಕ ಬಲದಿಂದ ಅದು ಹಿಂದಕ್ಕೆ ಎಳೆಯುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದನು. ಈಗ ಎರಡು ಗುಂಡುಗಳನ್ನೂ ಒಂದೇ ಅಳತೆಗೆ ಬಲಕ್ಕೆ ಸರಿಸಿ ಬಿಟ್ಟರೆ ಅವು ಕೈಕೈ ಹಿಡಿದವರಂತೆ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತವೆ. ನಡುವಣ ಸ್ಪ್ರಿಂಗು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದು ಇದ್ದರೂ ಇಲ್ಲದಂತೆಯೇ. ಇದು ನಿಧಾನದ ಕಂಪನ. ಅದಕ್ಕೆ ಬದಲಾಗಿ ಗುಂಡುಗಳನ್ನು ಒಂದೇ ಅಳತೆಗೆ ಎದುರುಬದುರಾಗಿ ಸರಿಸಿ ಬಿಟ್ಟರೆ ನಡುವಣ ಸ್ಪ್ರಿಂಗು ಎರಡು ತುದಿಗಳಿಂದಲೂ ಹಿಗ್ಗಿ ಇಮ್ಮಡಿಯಾಗಿ ಎಳೆಯುತ್ತದೆ. ಗೋಡೆಯ ಕಡೆಯ ಸ್ಪ್ರಿಂಗಿನದನ್ನೂ ಸೇರಿಸಿದರೆ ಒಟ್ಟು ಬಲವು ಮುಮ್ಮಡಿ. ಕಂಪನಸಂಖ್ಯೆಯು ಬಲದ ವರ್ಗಮೂಲವನ್ನು ಅನುಸರಿಸುವುದರಿಂದ, ಈ ಎರಡನೆಯ ಕಂಪನವು ಮೊದಲನೆಯದಕ್ಕಿಂತ ಮೂರರ ವರ್ಗಮೂಲದಷ್ಟು, ಎಂದರೆ ಸುಮಾರು ೧.೭೩ರಷ್ಟು ವೇಗವುಳ್ಳದ್ದು.

ಇವೆರಡೇ ಈ ಏರ್ಪಾಡಿನ ಸಹಜ ಕಂಪನಗಳು. ಸಹಜ ಕಂಪನದಲ್ಲಿ ಎಲ್ಲ ಭಾಗಗಳೂ ಒಂದೇ ಕಂಪನಸಂಖ್ಯೆಯಿಂದ ಆಡುತ್ತವೆ. ಎಲ್ಲವೂ ಒಂದೇ ಕ್ಷಣದಲ್ಲಿ ತಮ್ಮ ತಮ್ಮ ಸ್ವಸ್ಥಾನವನ್ನು ಹಾದುಹೋಗುತ್ತವೆ. ಇನ್ನು ಒಂದು ಗುಂಡನ್ನು ಮಾತ್ರ ಸರಿಸಿ ಬಿಟ್ಟರೆ ಏನಾಗುವುದು? ನೋಡುವವರಿಗೆ ಅದು ಗೊಂದಲದ ಚಲನೆ. ಆದರೆ ಲೆಕ್ಕ ಹಾಕಿ ನೋಡಿದರೆ ಅದು ಮೊದಲನೆಯ ರೀತಿಯ ಒಂದು ಪಾಲು ಮತ್ತು ಎರಡನೆಯ ರೀತಿಯ ಅಷ್ಟೇ ಪಾಲು ಕೂಡಿದ ಮಿಶ್ರಣವಲ್ಲದೆ ಬೇರೆಯಲ್ಲ. ಒಂದು ಗುಂಡಿನಲ್ಲಿ ಇವೆರಡೂ ಕೂಡಿಕೊಂಡಿದ್ದವು. ಇನ್ನೊಂದರಲ್ಲಿ ಒಂದನ್ನೊಂದು ಅಳಿಸಿಹಾಕಿದ್ದವು. ಬಿಟ್ಟ ಮೇಲೆ ಎರಡೂ ತಮ್ಮ ತಮ್ಮ ವೇಗದಿಂದ ನಡೆಯುತ್ತವೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲ.

ಶ್ರೋತೃಗಳು ಇದನ್ನು ಮನೆಯಲ್ಲಿಯೇ ನೋಡಬಹುದು. ಕಿಟಕಿಯ ಎರಡು ಸರಳುಗಳಿಗೆ ಅಡ್ಡಲಾಗಿ ಒಂದು ದಾರವನ್ನು ಸ್ವಲ್ಪ ಸಡಿಲವಾಗಿ ಕಟ್ಟಿ, ಅದರಿಂದ ಸಮನಾದ ಎರಡು ದಾರಗಳಲ್ಲಿ ಸಮನಾದ ಎರಡು ಬೀಗಗಳನ್ನು ಇಳಿಬಿಡಿರಿ. ಒಂದನ್ನು ಆಡಿಸಿದರೆ ಕೆಲವು ಸಲ ಆಡಿದ ಬಳಿಕ ಅದು ಸೊರಗುತ್ತ ಬಂದು ನಿಲ್ಲುತ್ತದೆ. ಅದುವರೆಗೆ ಸುಮ್ಮನಿದ್ದ ಇನ್ನೊಂದು ಆಡತೊಡಗುತ್ತದೆ. ಮತ್ತೆ ಅದು ನಿಂತು ಮೊದಲನೆಯದು ಏಳುತ್ತದೆ. ಸಾಲ ಕೊಟ್ಟು ಸಾಲ ತೀರಿಸಿಕೊಳ್ಳುವ ಇಬ್ಬರು ನೆರೆಹೊರೆಯವರಂತೆ ತೋರುವ ಈ ಆಟದ ಗುಟ್ಟೆಲ್ಲ, ಎರಡು ಸಹಜ ಕಂಪನಗಳ ಸಂಖ್ಯೆಗಳು ಒಂದಕ್ಕೊಂದು ಹತ್ತಿರವಾಗಿದ್ದರೂ ಸಮನಾಗಿಲ್ಲದಿರುವುದರಲ್ಲಿದೆ.

ಇಷ್ಟನ್ನು ನಾವು ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸಿದೆವು. ಆದರೆ ಇದನ್ನು ಕಾಣುವುದಕ್ಕೆ ಹೈಗೆನ್ಸನ ಅನಂತರ ಒಂದು ಶತಮಾನವೇ ಬೇಕಾಯಿತು. ಈ ಕಾರ್ಯದ ಮುಖ್ಯ ಕೀರ್ತಿಯು ಡೇನಿಯಲ್ ಬರ್ನೂಲಿಗೆ ಸಲ್ಲತಕ್ಕದ್ದು. ಗಣಿತವೇ ಕುಲವಿದ್ಯೆಯಾಗಿದ್ದ ಮನೆತನದಲ್ಲಿ ೧೭೦೦ರಲ್ಲಿ ಹುಟ್ಟಿದ ಈತನು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿ ಎಂಟು ವರ್ಷಗಳ ಕಾಲ ಕೆಲಸಮಾಡಿದನು. ಈತನ ತಂದೆ ಯೋಹಾನ್ ಬರ್ನೂಲಿಯು, ತಂತಿಯ ಮೇಲೆ ಸಮದೂರದಲ್ಲಿ ಮಣಿಗಳನ್ನು ಪೋಣಿಸಿದ್ದರೆ ಅದರ ಮೂಲಕಂಪನವು ಹೇಗಿರುತ್ತದೆಂಬುದನ್ನು ಲೆಕ್ಕ ಹಾಕಿದ್ದನು. ಮಗನು ಮೇಲಿನಿಂದ ತೂಗುಬಿಟ್ಟ ಸರಪಣಿಯ ಕಂಪನವನ್ನು ವಿಚಾರಕ್ಕೆ ತೆಗೆದುಕೊಂಡನು. ಮೊದಲು ಒಂದು ದಾರದಲ್ಲಿ ಎರಡು ಗುಂಡುಗಳು, ಆಮೇಲೆ ಮೂರು, ಕೊನೆಗೆ ಎಣಿಕೆಯಿಲ್ಲದಷ್ಟು. ಇದು ಅವನು ಹಿಡಿದ ದಾರಿ. ಸಮನಾದ ಎರಡು ಗುಂಡುಗಳು ಒಂದರ ಕೆಳಗೊಂದು ಸಮದೂರದಲ್ಲಿ ತೂಗುತ್ತಿದ್ದರೆ ಅವುಗಳಿಗೆ ಎರಡೇ ಸಹಜ ಕಂಪನಗಳು. ಮೊದಲನೆಯದರಲ್ಲಿ ಮೇಲಿನ ಗುಂಡು ಹತ್ತು ಗೆರೆ ಸರಿದರೆ ಕೆಳಗಿನದು ಅದೇ ಕಡೆಗೆ ಸುಮಾರು ಹದಿನಾಲ್ಕು ಗೆರೆ ಸರಿಯುತ್ತದೆ. ಎರಡನೆಯದರಲ್ಲಿ ಅಳತೆಗಳು ಅವೇ, ದಿಕ್ಕುಗಳು ಮಾತ್ರ ಎದುರು; ವೇಗವು ಮೊದಲನೆಯದರ ಸುಮಾರು ೨.೪ರಷ್ಟು. ಗುಂಡುಗಳು ಮೂರಾದರೆ ಕಂಪನಗಳೂ ಮೂರು. ಸರಪಣಿಯಾದರೆ ಅವುಗಳಿಗೆ ಕೊನೆಯಿಲ್ಲ. ಗುಂಡುಗಳೆಷ್ಟೋ ಕಂಪನಗಳೂ ಅಷ್ಟು ಎಂಬ ಈ ನಿಯಮವನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಜ್ರದ ಮಾತು ಬಂದಾಗ ಇದರ ಪ್ರಯೋಜನವು ತೋರುತ್ತದೆ.

ಈ ನಡುವೆ ೧೭೪೭ರಲ್ಲಿ ಪ್ಯಾರಿಸ್ಸಿನ ದಾಲಾಂಬೇರನು ತಂತಿಯ ಕಂಪನಕ್ಕೆ ಒಂದು ಹೊಸ ಸಮೀಕರಣವನ್ನು ಕಂಡುಹಿಡಿದನು. ಮರುವರ್ಷವೇ ಲಿಯೊನಾರ್ಡ್ ಆಯ್ಲರನು ಅದನ್ನು ಇನ್ನೂ ವಿಸ್ತಾರಗೊಳಿಸಿ, ತಂತಿಗೆ ಮೊದಲು ಯಾವ ಆಕಾರವನ್ನು ಕೊಟ್ಟರೂ ಸರಿಯೆ, ಬೆರಳಿನಿಂದ ಎಳೆದಾಗ ಆಗುವ ಮೂಲೆಯುಳ್ಳ ಆಕಾರವಾದರೂ ಸರಿಯೆ, ಅದರ ಮುಂದಿನ ಚಲನೆಯನ್ನು ಹೇಳಬಹುದೆಂದು ಸಾರಿದನು. ಇಬ್ಬರ ಸಮೀಕರಣದಲ್ಲಿಯೂ ಸ್ವರಗಳ ಮಾತೇ ಇರಲಿಲ್ಲ. ೧೭೫೩ರಲ್ಲಿ ಬರ್ನೂಲಿಯು ಇದನ್ನು ನೋಡಿ ಸುಮ್ಮನಿರಲಾರದೆ ಬರ್ಲಿನ್ ಅಕಾಡೆಮಿಗೆ ಎರಡು ಪ್ರಬಂಧಗಳನ್ನು ಬರೆದನು. ಒಂದು ತಂತಿಯ ವಿಷಯ; ಇನ್ನೊಂದು ಒಂದೇ ವಸ್ತುಸಮೂಹದಲ್ಲಿ ಹಲವು ಸರಳ ಕಂಪನಗಳು ಒಟ್ಟಿಗೆ ಇರಬಲ್ಲವೆಂಬ ವಿಷಯ. ಮೀಟಿದ ತಂತಿಯಲ್ಲಿ ಮೂಲಸ್ವರದೊಂದಿಗೆ ಉಪಸ್ವರಗಳೂ ಕೇಳಿಸುತ್ತವೆ. ಆದುದರಿಂದ ತಂತಿಯ ಯಾವ ಚಲನೆಯಾದರೂ ಅದರ ಸಹಜ ಕಂಪನಗಳ ಮೊತ್ತವೇ ಆಗಿರಬೇಕು ಎಂದು ಅವನ ವಾದ.

ಆಯ್ಲರನು ಇದನ್ನು ಒಪ್ಪಲಿಲ್ಲ. ಬರ್ನೂಲಿಯು ಹೇಳುವ ಸಹಜ ಕಂಪನಗಳೆಲ್ಲ ನಯವಾದ ಅಲೆಗಳು. ನಯವಾದ ಅಲೆಗಳನ್ನು ಎಷ್ಟು ಕೂಡಿಸಿದರೂ ಮೂಲೆಯುಳ್ಳ ಆಕಾರವು ಹೇಗೆ ಬಂದೀತು? ದಾಲಾಂಬೇರನೂ ಒಪ್ಪಲಿಲ್ಲ, ಅವನು ಆಯ್ಲರನನ್ನೂ ಒಪ್ಪಿದವನಲ್ಲ. ಕೂಡಿಸಬೇಕಾದ ಅಲೆಗಳು ಎಣಿಕೆಯಿಲ್ಲದಷ್ಟಿರುವುದರಿಂದ, ಅವುಗಳ ಪಾಲುಗಳನ್ನು ತಕ್ಕಂತೆ ಆರಿಸಿ ಆಕಾರವನ್ನು ಎಷ್ಟು ಬಿಂದುಗಳಲ್ಲಿ ಬೇಕಾದರೂ ಹೊಂದಿಸಬಹುದೆಂದು ಬರ್ನೂಲಿಯು ಉತ್ತರವಿತ್ತನು. ಆ ಪಾಲುಗಳನ್ನು ಲೆಕ್ಕ ಹಾಕುವ ವಿಧಾನವನ್ನು ಮಾತ್ರ ಅವನು ತೋರಿಸಲಾರದೆ ಹೋದನು. ಗಣಿತದಲ್ಲಿ ಇದು ದೊಡ್ಡ ಕೊರತೆ. ವಾದದಲ್ಲಿ ಅವನು ಸೋತಂತೆಯೇ ಆಯಿತು.

೧೭೫೯ರಲ್ಲಿ ಇಟಲಿಯ ಟ್ಯೂರಿನ್ ನಗರದ ಲಗ್ರಾಂಜ್ ಎಂಬ ಇಪ್ಪತ್ತಮೂರು ವರ್ಷದ ತರುಣನು ಈ ಕಣಕ್ಕೆ ಇಳಿದನು. ಅವನು ಮತ್ತೆ ಮಣಿಗಳಿಗೆ ಹಿಂದಿರುಗಿದನು. ಹಗುರವಾದ ತಂತಿಯ ಮೇಲೆ ಎಷ್ಟು ಮಣಿಗಳಿದ್ದರೂ ಅವುಗಳ ಸಹಜ ಕಂಪನಗಳೇನು, ಯಾವ ಆರಂಭದಿಂದ ಯಾವ ಕಂಪನಕ್ಕೆ ಎಷ್ಟು ಪಾಲು ಸಲ್ಲುವುದು ಎಂಬುದನ್ನು ಪೂರ್ಣವಾಗಿ ಬಿಡಿಸಿದನು. ಬಳಿಕ ಮಣಿಗಳ ಸಂಖ್ಯೆಯನ್ನು ಮಿತಿಯಿಲ್ಲದಂತೆ ಬೆಳೆಸಿ ತಂತಿಯನ್ನು ಸೇರಿದನು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬರ್ನೂಲಿಗೆ ಬೇಕಾಗಿದ್ದ ಸೂತ್ರವೇ ಅವನ ಕೈಗೆ ಬರುತ್ತಿತ್ತು. ಆದರೆ ಆಯ್ಲರನ ಪಕ್ಷವನ್ನು ಸ್ಥಾಪಿಸುವುದು ಅವನ ಗುರಿಯಾಗಿದ್ದುದರಿಂದ ಆ ಹೆಜ್ಜೆಯನ್ನು ಇಡದೆ ಬೇರೆ ಕಡೆಗೆ ತಿರುಗಿದನು. ಬಾಗಿಲವರೆಗೆ ಬಂದು ಹಿಂದಿರುಗಿದ ಇಂಥ ನಿದರ್ಶನವು ವಿಜ್ಞಾನದ ಚರಿತ್ರೆಯಲ್ಲಿ ಅಪೂರ್ವ.

ಆ ಹೆಜ್ಜೆಯನ್ನು ಇಟ್ಟವನು ಜೋಸೆಫ್ ಫೂರ್ಯೆ. ಲೋಹದಲ್ಲಿ ಶಾಖವು ಹರಡುವ ಕ್ರಮವನ್ನು ವಿಚಾರಿಸುತ್ತ, ೧೮೦೭ರಲ್ಲಿ ಅವನು ಯಾವ ಆಕಾರವನ್ನಾದರೂ ಅಲೆಗಳ ಮೊತ್ತವಾಗಿ ಬರೆಯಬಹುದೆಂದೂ ಪ್ರತಿಯೊಂದರ ಪಾಲನ್ನು ಹೀಗೆ ತಿಳಿಯಬಹುದೆಂದೂ ಫ್ರಾನ್ಸಿನ ವಿದ್ವತ್ಪರಿಷತ್ತಿಗೆ ಒಪ್ಪಿಸಿದನು. ಪರೀಕ್ಷಕರಲ್ಲಿ ಒಬ್ಬನಾಗಿದ್ದ ಲಗ್ರಾಂಜನು, ಆಗ ಎಪ್ಪತ್ತೊಂದು ವರ್ಷದ ವೃದ್ಧನು, ಅದನ್ನು ವಿರೋಧಿಸಿದನು. ಫೂರ್ಯೆಯ ಗ್ರಂಥವು ೧೮೨೨ರಲ್ಲಿ ಹೊರಬಿತ್ತು. ೧೮೨೯ರಲ್ಲಿ ಡಿರಿಕ್ಲೆ ಎಂಬ ಗಣಿತಜ್ಞನು ಅದಕ್ಕೆ ದೃಢವಾದ ತಳಹದಿಯನ್ನು ಹಾಕಿದನು. ಬರ್ನೂಲಿಯ ಪಕ್ಷವೇ ಗೆದ್ದಿತು. ಆದರೆ ಅವನು ೧೭೮೨ರಲ್ಲಿಯೇ ತೀರಿಕೊಂಡಿದ್ದನು.

ಹತ್ತೊಂಬತ್ತನೆಯ ಶತಮಾನದಲ್ಲಿ ಸಹಜ ಕಂಪನಗಳ ವಿದ್ಯೆಯು ಬೆಳೆದು, ಲಾರ್ಡ್ ರ್‍ಯಾಲೆಯ ಶಬ್ದಶಾಸ್ತ್ರದ ಮಹಾಗ್ರಂಥದಲ್ಲಿ ೧೮೭೭ರ ಸುಮಾರಿಗೆ ಒಂದು ನೆಲೆಗೆ ಬಂದಿತು. ಆ ವಿಸ್ತಾರವನ್ನು ಇಲ್ಲಿ ಹೇಳುವ ಅವಶ್ಯವಿಲ್ಲ. ಆ ವಿದ್ಯೆಯನ್ನು ನಮ್ಮ ದೇಶದಲ್ಲಿ ಕೈಗೆತ್ತಿಕೊಂಡವರು ಸರ್ ಚಂದ್ರಶೇಖರ ವೆಂಕಟರಾಮನ್ನರು. ಬೆಳಕಿನ ವಿಷಯದಲ್ಲಿ ಅವರು ಮಾಡಿದ ಸಂಶೋಧನೆಗೆ ೧೯೩೦ರಲ್ಲಿ ನೊಬೆಲ್ ಬಹುಮಾನವು ಬಂದುದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚೆ ಬಹುಕಾಲ ಅವರ ಮನಸ್ಸು ವಾದ್ಯಗಳಲ್ಲಿ ನೆಟ್ಟಿತ್ತು. ಸಾಮಾನ್ಯವಾದ ಚರ್ಮವಾದ್ಯದಲ್ಲಿ ಸಹಜ ಕಂಪನಗಳು ಒಂದಕ್ಕೊಂದು ಹೊಂದದ ಸಂಖ್ಯೆಗಳಲ್ಲಿರುತ್ತವೆ; ಮೂಲಕಂಪನವನ್ನು ಒಂದೆಂದರೆ ಮುಂದಿನವು ೧.೫೯, ೨.೧೪, ೨.೩೦ ಹೀಗೆ ಬರುತ್ತವೆ. ಆದುದರಿಂದಲೇ ನಗಾರಿಯಲ್ಲಿ ಸದ್ದಿದೆ, ಸ್ವರವಿಲ್ಲ. ಮೃದಂಗದ ಬಲಗಡೆಯ ಮುಚ್ಚಿಗೆಯ ನಡುವೆ ಹಚ್ಚುವ ಕರಿಯ ಕರಣೆಯು ಈ ಸಂಖ್ಯೆಗಳನ್ನು ತಿದ್ದಿ, ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಕ್ರಮಕ್ಕೆ ತರುತ್ತದೆಂದು ರಾಮನ್ನರು ತೋರಿಸಿದರು. ಈ ಶೋಧವು ೧೯೨೦ರಲ್ಲಿ ಪ್ರಕಟವಾಯಿತು. ೧೯೩೪ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ಅದನ್ನು ಅವರು ವಿಸ್ತರಿಸಿದರು. ಮುಚ್ಚಿಗೆಯ ಒಂಬತ್ತು ಸಹಜ ಕಂಪನಗಳು ಈ ಐದು ಸ್ವರಸ್ಥಾನಗಳಲ್ಲಿ ಗುಂಪುಗೂಡುತ್ತವೆ. ಹೆಸರು ತಿಳಿಯದ ನಮ್ಮ ಪೂರ್ವಿಕರು ಕೈಯ ಅಳತೆಯಿಂದಲೂ ಕಿವಿಯ ಸಾಕ್ಷ್ಯದಿಂದಲೂ ಸಾಧಿಸಿದ್ದುದು ಹೀಗೆ ವಿಜ್ಞಾನದ ಭಾಷೆಗೆ ಇಳಿಯಿತು.

ಈಗ ವಜ್ರದ ಪ್ರಸ್ತಾಪ. ಹರಳುಗಳಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತು, ಸ್ಪ್ರಿಂಗುಗಳಿಂದ ಬಿಗಿದ ಗುಂಡುಗಳಂತೆ ಒಂದನ್ನೊಂದು ಹಿಡಿದಿರುತ್ತವೆ. ಅವುಗಳ ಕಂಪನವೇ ಶಾಖ. ವಜ್ರವನ್ನು ಬಿಸಿಮಾಡಲು ಬೇಕಾದ ಶಾಖವು, ಇತರ ಘನವಸ್ತುಗಳಿಗೆ ಹೊಂದುವ ಹಳೆಯ ನಿಯಮವು ಹೇಳುವುದರ ಸುಮಾರು ಕಾಲುಭಾಗ ಮಾತ್ರ. ಇದರ ಕಾರಣವನ್ನು ೧೯೦೭ರಲ್ಲಿ ಐನ್‌ಸ್ಟೈನರು ವಿವರಿಸಿದರು. ಆದರೆ ಸುಲಭಕ್ಕಾಗಿ ಪ್ರತಿ ಪರಮಾಣುವೂ ನೆರೆಯದರ ಹಂಗಿಲ್ಲದೆ ಒಂದೇ ಸಂಖ್ಯೆಯಲ್ಲಿ ಕಂಪಿಸುವುದೆಂದು ಭಾವಿಸಿದ್ದರು. ೧೯೧೨ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಥಿಯೋಡೋರ್ ಫಾನ್ ಕಾರ್ಮಾನ್ ಎಂಬಿಬ್ಬರು ಬರ್ನೂಲಿ ಮತ್ತು ಲಗ್ರಾಂಜರ ಮಣಿಗಳ ಲೆಕ್ಕವನ್ನು ಹರಳಿಗೆ ಅನ್ವಯಿಸಿದರು. ಒಂದು ಘನ ಸೆಂಟಿಮೀಟರು ವಜ್ರದಲ್ಲಿ ಸುಮಾರು ೧೭೬ ಕೋಟಿ ಕೋಟಿ ಕೋಟಿ ಪರಮಾಣುಗಳಿವೆ. ಒಂದೊಂದೂ ಮೂರು ದಿಕ್ಕುಗಳಲ್ಲಿ ಆಡಬಲ್ಲುದಾದುದರಿಂದ ಸಹಜ ಕಂಪನಗಳು ಅದರ ಮೂರರಷ್ಟು. ಅವು ಎಷ್ಟು ದಟ್ಟವೆಂದರೆ ಸಾಲಿನಲ್ಲಿ ಎಡೆಯೇ ಕಾಣದು.

ಬಾರ್ನರು ೧೯೩೫-೩೬ರ ಚಳಿಗಾಲದಲ್ಲಿ ರಾಮನ್ನರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ತಿಂಗಳು ಉಪನ್ಯಾಸಗಳನ್ನು ಮಾಡಿದರು. ನಾಜಿಗಳ ಆಳ್ವಿಕೆಯಲ್ಲಿ ಗಟಿಂಗೆನ್ನಿನ ಪದವಿಯನ್ನು ಕಳೆದುಕೊಂಡಿದ್ದ ಅವರನ್ನು ಇಲ್ಲಿಯೇ ನಿಲ್ಲಿಸಿಕೊಳ್ಳಬೇಕೆಂಬ ರಾಮನ್ನರ ಇಚ್ಛೆಯು ಕೈಗೂಡಲಿಲ್ಲ. ಅವರು ಎಡಿನ್‌ಬರೋಗೆ ಹೋದರು. ಕೆಲವೇ ವರ್ಷಗಳಲ್ಲಿ ಆ ಇಬ್ಬರು ಎದುರಾಳಿಗಳಾದರು. ಹರಳಿನ ಕಂಪನಗಳು ದಟ್ಟವಾದ ಸಾಲಲ್ಲ, ಮೃದಂಗದ ಸ್ವರಗಳಂತೆ ಬಿಡಿಬಿಡಿಯಾದ ಕೆಲವೇ ಸಂಖ್ಯೆಗಳು ಎಂದು ರಾಮನ್ನರು ೧೯೪೦ರ ದಶಕದಲ್ಲಿ ಪ್ರತಿಪಾದಿಸಿದರು. ನೆರೆಯ ಕೋಶಗಳಲ್ಲಿರುವ ಸಮಾನ ಪರಮಾಣುಗಳು ಒಂದೋ ಜೊತೆಯಾಗಿ ಆಡಬೇಕು, ಇಲ್ಲವೆ ಎದುರುಬದುರಾಗಿ ಆಡಬೇಕು. ನಡುವಣ ಸ್ಥಿತಿಗೆ ಎಡೆಯಿಲ್ಲ ಎಂದು ಅವರ ಮತ. ಹೀಗಾದರೆ ಎಂಟು ಕೋಶಗಳ ಒಂದು ಗುಂಪನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು. ವಜ್ರದಲ್ಲಿ ಅವುಗಳ ಪರಮಾಣುಗಳು ಹದಿನಾರು. ಚಲನೆಯ ದಾರಿಗಳು ನಲವತ್ತೆಂಟು. ಗುಂಪು ಇಡಿಯಾಗಿ ಸರಿದುಹೋಗುವ ಮೂರನ್ನು ಕಳೆದರೆ ನಲವತ್ತೈದು. ಇದಕ್ಕೆ ಪ್ರತ್ಯಕ್ಷ ಪ್ರಮಾಣವೂ ಇದ್ದಂತೆ ತೋರಿತು. ಬೆಂಗಳೂರಿನಲ್ಲಿಯೇ ಆರ್. ಎಸ್. ಕೃಷ್ಣನ್ ಅವರು ವಜ್ರದಿಂದ ಚದರಿದ ಬೆಳಕನ್ನು ಬಹು ಶ್ರಮದಿಂದ ಪರೀಕ್ಷಿಸಿದಾಗ ಅದರಲ್ಲಿ ತೀಕ್ಷ್ಣವಾದ ಗೆರೆಗಳು ಕಂಡುಬಂದವು. ದಟ್ಟವಾದ ಸಾಲಿನಿಂದ ತೀಕ್ಷ್ಣ ಗೆರೆಗಳು ಹೇಗೆ ಬರುವುವೆಂಬುದು ರಾಮನ್ನರ ಪ್ರಶ್ನೆ.

ಪ್ರಶ್ನೆಯು ನ್ಯಾಯವಾದದ್ದೇ, ಉತ್ತರವು ಮಾತ್ರ ಅವರು ನಿರೀಕ್ಷಿಸಿದುದಲ್ಲ. ಗುಂಡುಗಳೆಷ್ಟೋ ಕಂಪನಗಳಷ್ಟು ಎಂಬ ಬರ್ನೂಲಿಯ ನಿಯಮವನ್ನು ನೆನೆಯೋಣ. ಉದ್ದವಾದ ಸಾಲಿನಲ್ಲಿ ಪ್ರತಿ ಗುಂಡೂ ತನ್ನ ನೆರೆಯದಕ್ಕಿಂತ ಸ್ವಲ್ಪ ಸ್ವಲ್ಪವೇ ಹಿಂದುಳಿದು ಆಡುವ ಕಂಪನಗಳೂ ಉಂಟು. ಅವನ್ನು ಬಿಟ್ಟರೆ ಎಣಿಕೆಯೇ ತುಂಬುವುದಿಲ್ಲ. ಆದರೆ ಪೂರ್ಣವಾಗಿ ಎದುರುಬದುರಾಗುವ ಗಡಿಯ ಸಮೀಪದಲ್ಲಿ ಕಂಪನಸಂಖ್ಯೆಯು ಬಹು ಮೆಲ್ಲಗೆ ಬದಲಾಗುವುದರಿಂದ ಅಲ್ಲಿ ಕಂಪನಗಳು ಜಾತ್ರೆಯ ಜನದಂತೆ ಒತ್ತಾಗುತ್ತವೆ. ಅಂಥ ಕಡೆಗಳಲ್ಲಿಯೇ ತೀಕ್ಷ್ಣ ರೂಪಗಳು ತೋರುತ್ತವೆ. ಬಾರ್ನರ ಶಿಷ್ಯೆ ಹೆಲೆನ್ ಸ್ಮಿತ್ ೧೯೪೮ರಲ್ಲಿ ವಜ್ರಕ್ಕೆ ಈ ಬಗೆಯ ಲೆಕ್ಕವನ್ನು ಮಾಡಿ ತೋರಿಸಿದರು. ೧೯೫೩ರಲ್ಲಿ ಫಾನ್ ಹೋವ್ ಎಂಬವರು ಇದರ ಸಾಮಾನ್ಯ ನಿಯಮವನ್ನು ಸ್ಥಾಪಿಸಿದರು. ಆ ದಶಕದಲ್ಲಿಯೇ ಕೆನಡದ ಬ್ರಾಕ್‌ಹೌಸರು ನ್ಯೂಟ್ರಾನುಗಳನ್ನು ಹರಳಿನೊಳಗೆ ಹಾಯಿಸಿ ಕಂಪನಗಳನ್ನು ಒಂದೊಂದಾಗಿ ಅಳೆಯುವ ಮಾರ್ಗವನ್ನು ತೆರೆದರು. ೧೯೬೦ರ ದಶಕದಲ್ಲಿ ವಜ್ರವನ್ನೇ ಹೀಗೆ ಅಳೆದಾಗ ಎಡೆಯಿಲ್ಲದ ವಕ್ರರೇಖೆಗಳೇ ಕಂಡವು. ರಾಮನ್ನರು ಆರಿಸಿದ ಕಂಪನಗಳು ಸುಳ್ಳಾಗಿರಲಿಲ್ಲ. ಅವು ಆ ರೇಖೆಗಳ ಮೇಲಿನ ಮುಖ್ಯ ಸ್ಥಾನಗಳಾಗಿದ್ದವು. ಮೈಲಿಗಲ್ಲುಗಳನ್ನು ಅವರು ಸರಿಯಾಗಿ ಗುರುತಿಸಿದ್ದರು. ನಡುವಣ ರಸ್ತೆಯನ್ನು ಇಲ್ಲವೆಂದರು. ೧೯೭೦ರಲ್ಲಿ ಬೆಂಗಳೂರಿನಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಮತವನ್ನು ಬಿಟ್ಟುಕೊಡಲಿಲ್ಲ.

ಈ ಕಥೆಯನ್ನು ಒಮ್ಮೆ ನಮ್ಮ ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬನು ಎದ್ದು, ಇಂಥ ವಿಷಯವನ್ನು ಬೆಂಗಳೂರಿನವರಾದ ನಾವೇ ಏಕೆ ಎತ್ತಬೇಕು ಎಂದು ಕೇಳಿದನು. ಅವನ ನೋವು ನಮಗೂ ಇಲ್ಲದಿಲ್ಲ. ಆದರೆ ಮರೆಮಾಚಿದ ಚರಿತ್ರೆಯಿಂದ ರಾಮನ್ನರ ಗೌರವವು ಹೆಚ್ಚುವುದಿಲ್ಲ. ಬರ್ನೂಲಿಯೂ ರಾಮನ್ನರೂ ಇಬ್ಬರೂ ಕಿವಿಯನ್ನು ನಂಬಿದವರು. ಲೆಕ್ಕಕ್ಕಿಂತ ಮುಂಚೆ ವಸ್ತುವಿನ ಒಳಮರ್ಮವನ್ನು ಅರಿಯಬಲ್ಲವರು. ಒಬ್ಬನಿಗೆ ಆ ಶಕ್ತಿಯು ತನ್ನ ಕಾಲದ ಗಣಿತಜ್ಞರೆಲ್ಲರನ್ನು ಮೀರಿದ ಸತ್ಯವನ್ನು ತೋರಿಸಿತು. ಮೃದಂಗದಲ್ಲಿ ಇನ್ನೊಬ್ಬರಿಗೂ ಅದು ಹಾಗೆಯೇ ಒದಗಿತು. ವಜ್ರದಲ್ಲಿ ತಪ್ಪುದಾರಿ ಹಿಡಿಸಿತು. ಎರಡು ಕಡೆಗಳಲ್ಲಿಯೂ ಕೊನೆಯ ತೀರ್ಪನ್ನು ಕೊಟ್ಟುದು ವ್ಯಕ್ತಿಯ ಹಿರಿಮೆಯಲ್ಲ. ಒಂದು ಕಡೆ ಅದು ಲೆಕ್ಕ, ಇನ್ನೊಂದು ಕಡೆ ಅಳತೆ. ಎರಡಕ್ಕೂ ಬಹುಕಾಲ ಕಾಯಬೇಕಾಯಿತು. ಇದನ್ನೇ ನಾವು ಆ ವಿದ್ಯಾರ್ಥಿಗೆ ಹೇಳಿದೆವು. ಅವನು ಒಪ್ಪಿದನೆಂದು ಹೇಳಲಾರೆವು. ಮರುದಿನ ಎರಡು ಬೀಗಗಳನ್ನೂ ಒಂದು ಉಂಡೆ ದಾರವನ್ನೂ ತಂದು ತರಗತಿಯ ಕಿಟಕಿಗೆ ಕಟ್ಟಿದನು.